ಫಿಲ್ಟರ್ ಕಾಗದದ ಮೇಲೆ ಗ್ಲೂಕೋಸ್ ಸೆನ್ಸರ್: ಕಾಲೇಜು ಪ್ರಯೋಗಾಲಯದಲ್ಲಿ ತಯಾರಿಸುವ ಬಗೆ

ಮೈಕ್ರೋಫ್ಲೂಯಿಡಿಕ್ ಸಾಧನಕ್ಕೆ (ತೀರಾ ಕಡಿಮೆ ದ್ರವವನ್ನು ಸಣ್ಣ ಕಾಲುವೆಗಳಲ್ಲಿ ಹರಿಸುವ ಸಾಧನಕ್ಕೆ) ಗಾಜು, ಸಿಲಿಕಾನ್ ಹಾಗೂ ಧೂಳಿಲ್ಲದ ಕೋಣೆ ಇರಲೇಬೇಕೆಂದಿಲ್ಲ. ಮೂತ್ರದಲ್ಲಿನ ಗ್ಲೂಕೋಸ್ ಮತ್ತು ಪ್ರೋಟೀನ್‌ಗಳನ್ನು ಒಂದೇ ಕಾಗದದ ತುಣುಕಿನಲ್ಲಿ ಪತ್ತೆಹಚ್ಚಬಹುದೆಂದು ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ 2007ರಲ್ಲಿ ತೋರಿಸಿತು. ಇಲ್ಲಿ ವಿವರಿಸುತ್ತಿರುವುದು ಗ್ಲೂಕೋಸ್ ಭಾಗವನ್ನು ಮಾತ್ರ. ಇದು ಕಲಿಕೆಗಾಗಿಯೇ ಹೊರತು ರೋಗಿಯ ಚಿಕಿತ್ಸೆಯನ್ನು ನಿರ್ಧರಿಸಲಿಕ್ಕಲ್ಲ.

ಕಾಗದ ವಾಟ್‌ಮನ್ 1 ಎಂಬ ಫಿಲ್ಟರ್ ಕಾಗದವಾಗಿರಲಿ. ಒಂದು ದಂಟು, ಅದರಿಂದ ಕವಲೊಡೆದ ಮೂರು ಕಾಲುವೆಗಳು, ಪ್ರತಿಯೊಂದರ ತುದಿಯಲ್ಲಿ 4 ಮಿ.ಮೀ. ವ್ಯಾಸದ ವೃತ್ತ, ಇಷ್ಟೇ ವಿನ್ಯಾಸ. ಇದರ ಗಡಿಯನ್ನು ಮೇಣದಿಂದ ಎಳೆಯಬೇಕು. ಮೇಣದ ಪ್ರಿಂಟರ್ ಈಗ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಸ್ಕ್ರೀನ್ ಪ್ರಿಂಟಿಂಗ್ ಜಾಲರಿಯ ಮೂಲಕ ಮೇಣವನ್ನು ಉಜ್ಜಬಹುದು. ಬಳಿಕ 150 ಡಿಗ್ರಿ ಸೆಲ್ಸಿಯಸ್‌ನ ಹಾಟ್ ಪ್ಲೇಟ್ ಮೇಲೆ ಎರಡು ನಿಮಿಷ ಇಟ್ಟರೆ ಮೇಣ ಕರಗಿ ಕಾಗದದ ಹಿಂಬದಿಯವರೆಗೂ ಇಳಿಯುತ್ತದೆ. ಅದು ಅಕ್ಕಪಕ್ಕಕ್ಕೂ ಹರಡುವುದರಿಂದ ಕಾಲುವೆಯನ್ನು ಮೊದಲೇ 2 ಮಿ.ಮೀ. ಅಗಲಕ್ಕೆ ಬರೆದುಕೊಳ್ಳುವುದು ಕ್ಷೇಮ. ಬಣ್ಣದ ನೀರು ಹರಿಸಿ, ಎಲ್ಲೂ ಸೋರುತ್ತಿಲ್ಲವೆಂದು ಖಚಿತವಾದ ಮೇಲೆ ಹಿಂಬದಿಗೆ ಪಾರದರ್ಶಕ ಟೇಪ್ ಅಂಟಿಸಿ.

ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಗ್ಲೂಕೋಸನ್ನು ಉತ್ಕರ್ಷಿಸಿ ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡುತ್ತದೆ. ಪೆರಾಕ್ಸಿಡೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಬಳಸಿಕೊಂಡು ಅಯೋಡೈಡನ್ನು ಕಂದು ಬಣ್ಣದ ಅಯೋಡಿನ್ ಆಗಿಸುತ್ತದೆ. ಆದ್ದರಿಂದ ಮೂರೂ ವೃತ್ತಗಳಿಗೆ ಮೊದಲು 0.6 ಮೋಲಾರ್ ಪೊಟ್ಯಾಸಿಯಮ್ ಅಯೋಡೈಡ್ ಹಾಕಿ ಒಣಗಿಸಿ, ಆಮೇಲೆ ಎರಡಕ್ಕೆ ಮಾತ್ರ ಕಿಣ್ವಗಳ ಮಿಶ್ರಣವನ್ನು ಹಾಕಬೇಕು. ಪಿಎಚ್ 6ರ ಫಾಸ್ಫೇಟ್ ಬಫರ್‌ನಲ್ಲಿ ಪ್ರತಿ ಮಿಲಿಲೀಟರ್‌ಗೆ 120 ಯೂನಿಟ್ ಆಕ್ಸಿಡೇಸ್, 30 ಯೂನಿಟ್ ಪೆರಾಕ್ಸಿಡೇಸ್ ಮತ್ತು ಕಿಣ್ವ ಕೆಡದಂತೆ 0.3 ಮೋಲಾರ್ ಟ್ರೆಹಲೋಸ್ ಎಂಬ ಸಕ್ಕರೆ, ಇದು ಶುರುಮಾಡಲು ತಕ್ಕ ಪ್ರಮಾಣ. ಕಾಗದದ ದಪ್ಪ 0.18 ಮಿ.ಮೀ. ಮಾತ್ರವಿರುವುದರಿಂದ ಒಂದು ವೃತ್ತ ಎರಡು ಮೈಕ್ರೋಲೀಟರ್‌ಗಿಂತ ಹೆಚ್ಚು ಹಿಡಿಯದು. ಪ್ರತಿ ಸಲ ಒಂದು ಮೈಕ್ರೋಲೀಟರ್ ಸಾಕು. ಮೂರನೆಯ ವೃತ್ತ ಹೋಲಿಕೆಗಾಗಿ: ಗ್ಲೂಕೋಸ್ ಇರಲಿ ಇಲ್ಲದಿರಲಿ ಅದು ಕಂದಾಯಿತೆಂದರೆ ಅಯೋಡೈಡ್ ಹಳತಾಗಿದೆ ಅಥವಾ ಬೆಳಕಿಗೆ ಕೆಟ್ಟಿದೆ ಎಂದು ತಿಳಿಯಬೇಕು. ಸೋಡಿಯಂ ಅಜೈಡ್ ಎಂಬ ಸಂರಕ್ಷಕವನ್ನು ಬೆರೆಸಿಟ್ಟ ಬಫರನ್ನು ಮುಟ್ಟಲೇಬೇಡಿ, ಅದು ಪೆರಾಕ್ಸಿಡೇಸನ್ನು ತಡೆಯುತ್ತದೆ.

ಸಾಧನ ಮಾಡುವುದಕ್ಕಿಂತ ಅದರಿಂದ ನಂಬಬಹುದಾದ ಅಂಕಿಯನ್ನು ಪಡೆಯುವುದೇ ಕಷ್ಟದ ಕೆಲಸ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಗೊತ್ತಿರುವ ಸಾಂದ್ರತೆಗಳು ಕೊಡುವ ಬಣ್ಣದಿಂದ ಒಂದು ಮಾಪನ ರೇಖೆ ಬೇಕು. ಅದಕ್ಕಾಗಿ 0, 2.5, 5, 10 ಮತ್ತು 20 ಮಿಲಿಮೋಲಾರ್ ಗ್ಲೂಕೋಸ್ ದ್ರಾವಣಗಳನ್ನು (10 ಮಿಲಿಮೋಲಾರ್ ಎಂದರೆ ಡೆಸಿಲೀಟರ್‌ಗೆ 180 ಮಿಲಿಗ್ರಾಂ) ಕೃತಕ ಮೂತ್ರದಲ್ಲಿ ಮಾಡಿಕೊಳ್ಳಬೇಕು. ಆಕ್ಸಿಡೇಸ್ ಗ್ಲೂಕೋಸಿನ ಬೀಟಾ ರೂಪವನ್ನೇ ಹಿಡಿಯುತ್ತದೆ. ಪುಡಿ ಆಗಷ್ಟೇ ಕರಗಿದಾಗ ಆಲ್ಫಾ ರೂಪವೇ ಹೆಚ್ಚಾಗಿರಬಹುದು. ಹಾಗಾಗಿ ಎರಡೂ ರೂಪಗಳ ಪ್ರಮಾಣ ಸ್ಥಿರವಾಗುವಂತೆ ಮೂಲ ದ್ರಾವಣವನ್ನು ಒಂದು ರಾತ್ರಿ ಬಿಟ್ಟು ಬಳಸಬೇಕು. ಈ ಒಂದು ಹೆಜ್ಜೆಯನ್ನು ಬಿಟ್ಟವರು ಬೆಳಗಿನ ರೇಖೆ ಸಂಜೆಯ ರೇಖೆಗೆ ಯಾಕೆ ಹೊಂದುತ್ತಿಲ್ಲವೆಂದು ತಲೆಕೆಡಿಸಿಕೊಳ್ಳುವುದುಂಟು.

ದಂಟಿನ ತುದಿಯನ್ನು ದ್ರಾವಣದಲ್ಲಿ ಅದ್ದಿ, ಹತ್ತು ನಿಮಿಷಕ್ಕೆ ಸರಿಯಾಗಿ ಸ್ಕ್ಯಾನರ್‌ನಲ್ಲಿಡಿ. ಅಯೋಡಿನ್ ಆವಿಯಾಗಿ ಬಣ್ಣ ಮಾಸುತ್ತದೆಯಾದ್ದರಿಂದ ಈ ಅವಧಿ ಎಲ್ಲ ತುಣುಕುಗಳಿಗೂ ಒಂದೇ ಆಗಿರಬೇಕು. ಬಣ್ಣ ವೃತ್ತದ ಅಂಚಿನಲ್ಲಿ ಗಾಢವಾಗಿ, ನಡುವೆ ತೆಳುವಾಗಿ ಕೂರುತ್ತದೆ. ಅತಿ ಗಾಢವಾದ ಜಾಗವನ್ನು ಆರಿಸದೆ ಇಡೀ ವೃತ್ತದ ಸರಾಸರಿಯನ್ನು ಇಮೇಜ್‌ಜೆ ತಂತ್ರಾಂಶದಲ್ಲಿ ಅಳೆದು, ಪ್ರತಿ ಸಾಂದ್ರತೆಗೂ ಕನಿಷ್ಠ ಮೂರು ತುಣುಕುಗಳಿಂದ ರೇಖೆ ಎಳೆಯಿರಿ.

ಫಲಿತಾಂಶ ಓದುವಾಗ ಎರಡು ಸಂಗತಿ ನೆನಪಿರಲಿ. ವಿಟಮಿನ್ ಸಿ ಹೆಚ್ಚಿರುವ ಮೂತ್ರದಲ್ಲಿ ಅಯೋಡಿನ್ ಮತ್ತೆ ಅಯೋಡೈಡ್ ಆಗಿಬಿಡುವುದರಿಂದ ಅಂಕಿ ತಗ್ಗುತ್ತದೆ. ರಕ್ತದ ಗ್ಲೂಕೋಸ್ ಡೆಸಿಲೀಟರ್‌ಗೆ ಸುಮಾರು 180 ಮಿಲಿಗ್ರಾಂ ದಾಟುವವರೆಗೆ ಮೂತ್ರದಲ್ಲಿ ಅದು ಗಣನೀಯವಾಗಿ ಕಾಣಿಸಿಕೊಳ್ಳದಿರುವುದರಿಂದ, ವೃತ್ತ ಬೆಳ್ಳಗೆ ಉಳಿದ ಮಾತ್ರಕ್ಕೆ ಮಧುಮೇಹವಿಲ್ಲ ಎನ್ನಲಾಗದು.

ಉಳಿದ ತುಣುಕುಗಳನ್ನು ಸಿಲಿಕಾ ಜೆಲ್ ಜೊತೆ ಮುಚ್ಚಿ, ಬೆಳಕು ತಾಗದಂತೆ ಫ್ರಿಜ್‌ನಲ್ಲಿಡಬೇಕು. ಕರಾವಳಿಯ ಮಳೆಗಾಲದಲ್ಲಂತೂ ಪೊಟ್ಟಣವನ್ನು ಕೋಣೆಯ ತಾಪಕ್ಕೆ ಬಂದ ಮೇಲೆಯೇ ತೆರೆಯಿರಿ. ತಣ್ಣಗಿನ ಕಾಗದದ ಮೇಲೆ ಪಸೆ ಕೂತರೆ ಕಿಣ್ವ ಅಲ್ಲೇ ಕರಗಿ ಕಾಲುವೆಗೆ ಇಳಿಯುತ್ತದೆ.