ಬಾಕಿ ಸಂಬಳ ಎದುರು ನಿಂತು ಕೇಳೋದು ಹೇಗೆ

ಕಾರವಾರ, ಅಂಕೋಲಾ, ಶಿರಸಿ ಪೇಟೇಲಿ ಅಂಗಡಿ, ಲಾಡ್ಜ್, ಹೋಟೆಲ್ ಅಂತ ಕೆಲ್ಸ ಮಾಡೋ ಎಷ್ಟೋ ಹುಡುಗ್ರು ಹುಡುಗೀರು ಎರಡು ಮೂರು ತಿಂಗ್ಳ ಸಂಬಳ ಬಾಕಿ ಇದ್ರೂ ಬಾಯಿ ಬಿಡೋದಿಲ್ಲ, ಅದ್ರಲ್ಲೂ ಜೂನ್ ಜುಲೈನಲ್ಲಿ, ಬೋಟೂ ಬಂದ್ ಟೂರಿಸ್ಟೂ ಕಡ್ಮೆ, ಇದ್ದ ಕೆಲ್ಸಾನೂ ಹೋದ್ರೆ ಎಂತ ಮಾಡೋದು ಅಂತ. ಆ ಹೆದ್ರಿಕೆ ಸುಳ್ಳಲ್ಲ. ಮಾಲೀಕ್ರು ಅಪ್ಪನ ಪರಿಚಯದವ್ರೇ ಆಗಿದ್ರಂತೂ ಇನ್ನೂ ಕಷ್ಟ. ಆದ್ರೆ ಹೆದ್ರಿಕೆ ಹೋದ್ಮೇಲೆ ಕೇಳ್ತೆ ಅಂತ ಕೂತ್ರೆ ಅದು ಹೋಗೋದೇ ಇಲ್ಲ, ಹೆದ್ರಿಕೊಂಡೇ ಕೇಳೋಕೆ ತಯಾರಿ ಮಾಡ್ಕೊಳ್ಳಿ.

ಮೊದ್ಲು ಲೆಕ್ಕ. ಯಾವತ್ತಿಂದ ಕೆಲ್ಸ, ಎಷ್ಟು ಮಾತಾಡಿದ್ದು, ಎಷ್ಟು ಬಂತು, ಎಷ್ಟು ಬಾಕಿ, ಎಲ್ಲಾ ಒಂದು ನೋಟ್‌ಬುಕ್ಕಲ್ಲಿ ಬರೀರಿ, ವಾಟ್ಸಾಪ್ ಮೆಸೇಜು ಫೋನ್‌ಪೇ ಹಿಸ್ಟರಿ ಡಿಲೀಟ್ ಮಾಡ್ಬೇಡಿ. ಆಮೇಲೆ ಹೇಳೋದನ್ನ ಒಂದೇ ಮಾತಿಗೆ ಇಳಿಸಿ: "ನನ್ನ ಎರಡು ತಿಂಗ್ಳ ಸಂಬಳ ಬಾಕಿ ಇದೆ, ಯಾವ ತಾರೀಕಿಗೆ ಕೊಡ್ತೀರಿ?" ಮನೇಲಿ ಜೋರಾಗಿ ಹತ್ತು ಸಲ ಹೇಳಿ ನೋಡಿ. ಮನೆ ಕಷ್ಟ, ಅಮ್ಮನ ಔಷಧಿ ಅಂತೆಲ್ಲ ಸೇರಿಸ್ಲಿಕ್ಕೆ ಹೋಗ್ಬೇಡಿ, ನೀವು ಕೇಳೋದು ಸಾಲ ಅಲ್ಲ. ಕೇಳಿದ್ಮೇಲೆ ಸುಮ್ನಿರಿ, ಅವ್ರೇ ಉತ್ರ ಕೊಡ್ಲಿ.

ಒಬ್ರೇ ಹೋಗ್ಬೇಡಿ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಹತ್ರದ ಸಾಲ್ಕಣಿಯವ್ರು ಕಳಸೆ ಕಾಡಲ್ಲಿ ಮರ ಅಪ್ಪಿಕೊಂಡು ಕಡಿಯೋದನ್ನ ತಡೆದ್ರಲ್ಲ, ಹೆಂಗಸ್ರು ಮಕ್ಕಳು ಎಲ್ಲ ಒಟ್ಟಿಗೇ ಹೋಗಿದ್ರು, ಅಪ್ಪಿಕೋ ಚಳವಳಿ ಹಾಗೇ ಶುರುವಾಗಿದ್ದು. ನಿಮ್ಮ ಜೊತೆ ಕೆಲ್ಸ ಮಾಡೋರಿಗೂ ಬಾಕಿ ಇರ್ತದೆ, ಕೇಳಿ ನೋಡಿ. ಅವ್ರು ಹಿಂದೆ ಸರಿದ್ರೆ ಅಕ್ಕನೋ ಮಾವನೋ ಯಾರಾದ್ರೂ ಪಕ್ಕ ನಿಂತ್ರೂ ಸಾಕು.

"ನೋಡುವಾ ಮಾರಾಯಾ" ಅಂತ ತಳ್ಳಿದ್ರೆ ಅದೇ ದಿನ ಮೆಸೇಜಲ್ಲಿ ಬರೆದು ಕಳ್ಸಿ. ಅದ್ಕೂ ಆಗದಿದ್ರೆ ಕಾರ್ಮಿಕ ಇಲಾಖೆ ಇನ್‌ಸ್ಪೆಕ್ಟರ್‌ಗೆ ಅರ್ಜಿ, ಎರಡು ಕಾಪಿ ಮಾಡಿ ಒಂದ್ರ ಮೇಲೆ ಸೀಲು ಸಹಿ ಹಾಕಿಸ್ಕೊಂಡೇ ಬನ್ನಿ. ವಕೀಲ್ರಿಗೆ ದುಡ್ಡಿಲ್ಲ ಅಂತ ಬಿಡ್ಬೇಡಿ, ಕೋರ್ಟಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇರ್ತದೆ, ಹೆಂಗಸ್ರಿಗೆ ಮತ್ತೆ ಎಸ್‌ಸಿ ಎಸ್‌ಟಿಯವ್ರಿಗೆ ಆದಾಯ ಎಷ್ಟಿದ್ರೂ ವಕೀಲ್ರು ಫ್ರೀ, ಉಳಿದವ್ರಿಗೆ ಆದಾಯ ಕಮ್ಮಿ ಇದ್ರೆ ಸಿಗ್ತಾರೆ, ಫೋನ್ 15100.

ಕೈ ಎತ್ತೋ ಜನ ಆದ್ರೆ ಮಾತ್ರ ಅಲ್ಲಿ ವಾದಕ್ಕೆ ನಿಲ್ಬೇಡಿ, ಹೊರಗೆ ಬಂದು 112ಗೆ ಫೋನ್ ಮಾಡಿ, ಸಂಬಳದ ಮಾತು ಆಮೇಲೆ ಇಲಾಖೆಯಲ್ಲೇ ಆಗ್ಲಿ.