2 ಕೆವಿಎ ಜನರೇಟರ್‌ನಲ್ಲಿ 1 ಎಚ್‌ಪಿ ಪಂಪ್ ಏಳುತ್ತಿರಲಿಲ್ಲ: ನನ್ನ ಅನುಭವ

ಮಲೆನಾಡಿನ ಮನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲ. 2 ಕೆವಿಎ ಪೆಟ್ರೋಲ್ ಜನರೇಟರ್‌ನಲ್ಲಿ ಲೈಟು, ಫ್ಯಾನು, ಫ್ರಿಜ್ ಚೆನ್ನಾಗಿಯೇ ಓಡುತ್ತಿದ್ದವು. ಪಂಪ್ ಹಾಕಿದ ತಕ್ಷಣ ಬಲ್ಬ್ ಮಂಕಾಗಿ, ಮೋಟಾರ್ ಗುಂಯ್ ಎಂದು, ಬ್ರೇಕರ್ ಬೀಳುತ್ತಿತ್ತು.

ಪಂಪಿನ ಕೆಪಾಸಿಟರ್ (ಮೋಟಾರ್ ಏಳಲು ನೆರವಾಗುವ ಭಾಗ) ಬದಲಿಸಿದರೂ ಅದೇ. ದಪ್ಪ ವೈರ್ ಎಳೆದರೂ ಅದೇ. ಫ್ರಿಜ್ ತೆಗೆದು ಪಂಪ್ ಒಂದನ್ನೇ ಹಾಕಿದರೂ ಏಳಲಿಲ್ಲ.

ಕೊನೆಗೆ ಇನ್‌ರಶ್ (ಮೋಟಾರ್ ಏಳುವ ಗಳಿಗೆಯಲ್ಲಿ ಒಮ್ಮೆಲೇ ಎಳೆಯುವ ಕರೆಂಟ್) ಅಳೆಯುವ ಕ್ಲಾಂಪ್ ಮೀಟರ್ ಹಾಕಿಸಿದೆ. ಓಡುವಾಗ 6.5 ಆಂಪ್ಸ್, ಎದ್ದೇಳುವ ಗಳಿಗೆಯಲ್ಲಿ 30ರ ಹತ್ತಿರ! 230 ವೋಲ್ಟ್‌ನಲ್ಲಿ 2 ಕೆವಿಎ ಅಂದರೆ ಸುಮಾರು 8.7 ಆಂಪ್ಸ್ ಅಷ್ಟೇ. ಎಚ್‌ಪಿಯನ್ನು 746 ವ್ಯಾಟ್ ಅಂತ ಲೆಕ್ಕ ಹಾಕಿ ಜನರೇಟರ್ ಕೊಂಡರೆ ಹೀಗೇ ಆಗೋದು. ಅದು ಮೋಟಾರ್ ಕೊಡುವ ಶಕ್ತಿ, ಎಳೆಯುವುದು ಅದಕ್ಕಿಂತ ಜಾಸ್ತಿ.

ಕೊನೆಗೆ 5 ಕೆವಿಎ ಜನರೇಟರ್ ತಂದೆ. ಕೊಳ್ಳುವಾಗ ಡಬ್ಬದ ಮೇಲಿನ ದೊಡ್ಡ ಅಂಕಿ ಬಿಡಿ, ಅದು ಹೆಚ್ಚಾಗಿ ಮ್ಯಾಕ್ಸಿಮಮ್, ಸ್ವಲ್ಪ ಹೊತ್ತು ಮಾತ್ರ ಕೊಡಬಲ್ಲದ್ದು. ಪ್ಲೇಟಿನಲ್ಲಿ ‘ರೇಟೆಡ್’, ಅಂದರೆ ಸತತವಾಗಿ ಕೊಡಬಲ್ಲ ಅಂಕಿ ನೋಡಿ.

ಈಗಿನ ಕ್ರಮ: ಚೇಂಜ್‌ಓವರ್ ಸ್ವಿಚ್ (ಮನೆಗೆ ಲೈನ್ ಕರೆಂಟೋ ಜನರೇಟರೋ ಎಂದು ಬದಲಿಸುವುದು) ಆಫ್‌ನಲ್ಲಿ, ಎಲ್ಲ ಎಂಸಿಬಿ (ಮನೆಯ ಬೋರ್ಡಿನ ಬ್ರೇಕರ್‌ಗಳು) ಕೆಳಗೆ, ಅಂದರೆ ಆಫ್. ಇಕೋ ಸ್ವಿಚ್ (ಲೋಡ್ ಕಮ್ಮಿ ಇದ್ದಾಗ ಎಂಜಿನ್ ವೇಗ ಇಳಿಸುವುದು) ಇದ್ದರೆ ಆಫ್, ಅದನ್ನು ಆನ್ ಬಿಟ್ಟರೆ ಎಂಜಿನ್ ವೇಗ ಹಿಡಿಯುವಷ್ಟರಲ್ಲಿ ವೋಲ್ಟೇಜ್ ಕುಸಿಯುತ್ತೆ. ಲೋಡ್ ಇಲ್ಲದೆ ಮೂರು ನಿಮಿಷ ಓಡಿಸಿ, ಚೋಕ್ ಪೂರ್ತಿ ತೆರೆದ ಮೇಲೆ ಚೇಂಜ್‌ಓವರ್ ಜನರೇಟರ್ ಕಡೆಗೆ. ಮೊದಲು ಪಂಪ್. ಅದರ ಸದ್ದು ಸಮ ಆದ ಮೇಲೆ ಫ್ರಿಜ್, ಆಮೇಲೆ ಲೈಟು. ತಿರುವುಮುರುವು ಮಾಡಿದರೆ ಪಂಪ್ ಏಳುವಾಗ ಫ್ರಿಜ್‌ಗೂ ವೋಲ್ಟೇಜ್ ಸಾಲದು.

ಜನರೇಟರ್ ಅಂಗಳದಲ್ಲೇ, ಕಿಟಕಿಯಿಂದ ದೂರ. ಮಳೆ ಅಂತ ಜಗಲಿಗೆ ತರಬೇಡಿ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುತ್ತೆ.