ಎಣಿಕೆ ನಮ್ಮ ಪಾಲಿನದು

ನಾನು ಕಟ್ಟಿದ ಒಂದು ಜಪಸರ ವಾಪಸ್ ಬಂತು. ಜಪಸರ ಅಂದರೆ ಕ್ಯಾಥೊಲಿಕರು ಪ್ರಾರ್ಥನೆ ಎಣಿಸಲು ಹಿಡಿಯುವ ಮಣಿಸರ, ರೋಸರಿ. ಅದರಲ್ಲಿ ಹತ್ತು ಹತ್ತು ಮಣಿಗಳ ಐದು ಗುಂಪು ಇರುತ್ತದೆ, ಒಂದೊಂದು ಗುಂಪಿಗೂ ನಾವು 'ಹತ್ತು' ಎನ್ನುತ್ತೇವೆ. ವೃದ್ಧಾಶ್ರಮಕ್ಕೆ ಹೋಗಿಬರುವ ಸಿಸ್ಟರ್ ಅದನ್ನು ನನ್ನ ಕೈಗಿಟ್ಟು, "ಅಜ್ಜಿಗೆ ಬೇಜಾರೇನಿಲ್ಲ. ಆದರೆ ನಾಲ್ಕನೇ ಹತ್ತರಲ್ಲಿ ಒಂಬತ್ತೇ ಮಣಿ ಇದೆಯಂತೆ, ಸ್ವಲ್ಪ ನೋಡಿ" ಎಂದರು. ಎಣಿಸಿದೆ. ಒಂಬತ್ತೇ ಇತ್ತು. ಆ ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಎರಡು ವಾರ ಅದೇ ಸರ ಹಿಡಿದು ಪ್ರಾರ್ಥನೆ ಮಾಡಿದ್ದಾರೆ. ಒಂದೊಂದು ಹತ್ತಕ್ಕೂ ಯೇಸು, ಮರಿಯರ ಬದುಕಿನ ಒಂದೊಂದು ಘಟನೆ ಧ್ಯಾನಿಸುತ್ತೇವೆ, ಅದಕ್ಕೆ ರಹಸ್ಯ ಎನ್ನುತ್ತೇವೆ. ನಾಲ್ಕನೇ ರಹಸ್ಯ ಬಂದಾಗಲೆಲ್ಲ, ಮಣಿಗೊಂದರಂತೆ ಹೇಳುವ ನಮೋ ಮರಿಯಾ ಪ್ರಾರ್ಥನೆಯನ್ನು ಒಂದು ಸಲ ತಾವೇ ಸೇರಿಸಿಕೊಳ್ಳಬೇಕು ಎಂದು ನೆನಪಿಟ್ಟುಕೊಂಡಿದ್ದಾರೆ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮಣಿಗಳು ಇರುವುದೇ ಎಣಿಕೆಯನ್ನು ಬೆರಳಿಗೆ ಒಪ್ಪಿಸಿ ಮನಸ್ಸಿಗೆ ಬಿಡುವು ಮಾಡಿಕೊಡಲು, ಅಲ್ವಾ? 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಪೌಲ ಎಂಬ ಸನ್ಯಾಸಿ ದಿನಕ್ಕೆ 300 ಪ್ರಾರ್ಥನೆ ಹೇಳುತ್ತಿದ್ದರಂತೆ. ಮಡಿಲಲ್ಲಿ 300 ಕಲ್ಲು ಇಟ್ಟುಕೊಂಡು, ಒಂದು ಪ್ರಾರ್ಥನೆಗೆ ಒಂದು ಕಲ್ಲು ಕೆಳಗೆ ಹಾಕುತ್ತಿದ್ದರು. ಅವರ ಕಲ್ಲು ಮಾಡಿದ ಕೆಲಸವನ್ನೇ ನಾವು ದಾರದಲ್ಲಿ ಮಾಡುತ್ತಿದ್ದೇವೆ. ಕಟ್ಟುವವರ ಎಣಿಕೆ ತಪ್ಪಿದರೆ ಪ್ರಾರ್ಥಿಸುವವರು ಮತ್ತೆ ಲೆಕ್ಕಕ್ಕೆ ಇಳಿಯಬೇಕಾಗುತ್ತದೆ.

ಸರ ಕಟ್ಟಿ ಹಂಚುವ ನಮ್ಮ ಧರ್ಮಕೇಂದ್ರದ (ಚರ್ಚಿನ) ಗುಂಪಿನಲ್ಲಿ ಆಗ ಇದ್ದದ್ದು ಆರು ಜನ. ವಾರಕ್ಕೊಂದು ಸಂಜೆ ಸೇರುತ್ತಿದ್ದೆವು. ಎಲ್ಲರೂ ಒಟ್ಟಾಗಿ ಜೋರಾಗಿ ಜಪಸರ ಹೇಳುತ್ತಾ, ಅದೇ ಹೊತ್ತಿಗೆ ಮಣಿ ಪೋಣಿಸುತ್ತಿದ್ದೆವು. ಕೇಳಲು ತುಂಬಾ ಚೆನ್ನಾಗಿರುತ್ತಿತ್ತು. ತಪ್ಪು ಶುರುವಾಗಿದ್ದೂ ಅಲ್ಲೇ. ಬಾಯಿ ಏಳನೇ ನಮೋ ಮರಿಯಾದಲ್ಲಿರುತ್ತದೆ, ಕೈ ನಾಲ್ಕನೇ ಮಣಿಯಲ್ಲಿರುತ್ತದೆ. ಬಾಯಿ ಹತ್ತು ಮುಗಿಸಿದ ಕೂಡಲೇ ಕೈಯೂ ಗಂಟು ಹಾಕಿಬಿಡುತ್ತದೆ. ಬೇರೆಯವರಿಗೆ ಎರಡೂ ಒಟ್ಟಿಗೆ ಒಗ್ಗಬಹುದು, ನಮಗೆ ಒಗ್ಗಲಿಲ್ಲ. ಈಗ ಮೊದಲು ಕುಳಿತು ಪ್ರಾರ್ಥನೆ ಮುಗಿಸುತ್ತೇವೆ. ಯಾರ ಕೈಗೆ ಈ ಸರಗಳು ಹೋಗುತ್ತವೋ ಅವರಿಗಾಗಿ ಬೇಡಿಕೊಳ್ಳುತ್ತೇವೆ. ಆಮೇಲೆ ಮಣಿ ಮುಟ್ಟುತ್ತೇವೆ, ಸುಮ್ನೆ.

ಐದು ಹತ್ತರ ಜಪಸರಕ್ಕೆ 53 ನಮೋ ಮರಿಯಾ ಮಣಿ, ಯೇಸು ಕಲಿಸಿದ ಪರಲೋಕ ಮಂತ್ರಕ್ಕೆ 6 ದೊಡ್ಡ ಮಣಿ, ಒಟ್ಟು 59 ಬೇಕು. ಜೊತೆಗೆ ಒಂದು ಶಿಲುಬೆ ಮತ್ತು ಮೂರು ತೂತಿನ ಒಂದು ನಡುಬಿಲ್ಲೆ. ಐದು ಹತ್ತರ ಸುತ್ತು ಮತ್ತು ಶಿಲುಬೆಯ ಎಳೆ ಕೂಡುವುದು ಆ ಬಿಲ್ಲೆಯಲ್ಲಿ. ಅಜ್ಜಿಯ ಸರ ವಾಪಸ್ ಬಂದ ಮೇಲೆ ನಾವು ಫ್ರಿಜ್ಜಿನ ಐಸ್ ಟ್ರೇ ತಂದೆವು. ಐದು ಗುಳಿಗೆ ಹತ್ತು ಹತ್ತು ಚಿಕ್ಕ ಮಣಿ, ಆರನೆಯದಕ್ಕೆ ಮೂರು, ಏಳನೆಯದಕ್ಕೆ ಆರು ದೊಡ್ಡ ಮಣಿ. ತುಂಬುವವರು ಒಬ್ಬರು, ಪೋಣಿಸುವವರು ಇನ್ನೊಬ್ಬರು. ಪೋಣಿಸುವವರು ಪ್ರತಿ ಗುಳಿಯನ್ನೂ ಮತ್ತೊಮ್ಮೆ ಎಣಿಸಿಯೇ ಖಾಲಿ ಮಾಡಬೇಕು. ಕೊನೆಗೆ ಟ್ರೇಯಲ್ಲಿ ಒಂದು ಮಣಿ ಉಳಿದರೂ ಆ ಸರ ಮುಂದೆ ಹೋಗುವುದಿಲ್ಲ. ಇಷ್ಟು ಸಣ್ಣ ಉಪಾಯ ನಮಗೆ ಮೊದಲೇ ಹೊಳೆಯಬೇಕಿತ್ತು.

ನಾವು ಬಳಸುವುದು ನೈಲಾನ್ ದಾರ. ಹತ್ತಿಯ ದಾರ ಬೆವರಿಗೆ ಬೇಗ ಹಾಳಾಗುತ್ತದೆ. ಒಂದು ಸರಕ್ಕೆ ಆರು ಅಡಿ ಕತ್ತರಿಸಿಕೊಳ್ಳುತ್ತೇವೆ. ಕೊನೆಯಲ್ಲಿ ಸ್ವಲ್ಪ ಉಳಿಯುತ್ತದೆ, ಆದರೆ ಅರ್ಧದಲ್ಲಿ ದಾರ ಸಾಲದೆ ಎಲ್ಲ ಬಿಚ್ಚುವುದಕ್ಕಿಂತ ಅದೇ ವಾಸಿ. ತುದಿಯನ್ನು ಸ್ವಲ್ಪ ಬಿಸಿ ಮಾಡಿ ಗಟ್ಟಿ ಮಾಡಿಕೊಂಡರೆ ಸೂಜಿಯೇ ಬೇಡ.

ಗಂಟು ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು. ತೋರುಬೆರಳಿಗೆ ದಾರವನ್ನು ಮೂರು ಸುತ್ತು ಸುತ್ತಬೇಕು. ತುದಿಯನ್ನು ಆ ಸುತ್ತುಗಳ ಒಳಗಿನಿಂದ ಹಾಯಿಸಿ, ಬೆರಳಿನಿಂದ ಜಾರಿಸಿ, ನಿಧಾನಕ್ಕೆ ಎಳೆಯಬೇಕು. ಆಗ ಸಣ್ಣ ಪೀಪಾಯಿಯ ಹಾಗೆ ದಪ್ಪ ಗಂಟು ಬರುತ್ತದೆ. ಅದು ಮಣಿಯ ತೂತಿನೊಳಗೆ ಜಾರುವುದಿಲ್ಲ. ಕಷ್ಟ ಇರುವುದು ಗಂಟು ಹಾಕುವುದರಲ್ಲಲ್ಲ, ಬೇಕಾದ ಜಾಗದಲ್ಲೇ ಅದನ್ನು ನಿಲ್ಲಿಸುವುದರಲ್ಲಿ. ಗಂಟು ಇನ್ನೂ ಸಡಿಲ ಇರುವಾಗಲೇ ಅದರೊಳಗೆ ದಬ್ಬಣ ತೂರಿಸಿ, ದಬ್ಬಣವನ್ನು ಮಣಿಯ ಕಡೆಗೆ ಸರಿಸುತ್ತಾ ಬಿಗಿ ಮಾಡಬೇಕು. ಪ್ರತಿ ದೊಡ್ಡ ಮಣಿಯ ಎರಡೂ ಪಕ್ಕ ಒಂದೊಂದು ಗಂಟು.

ಹೊಸಬರು ಎಲ್ಲರೂ ಮಾಡುವ ತಪ್ಪು ಒಂದಿದೆ. ಹತ್ತು ಮಣಿಗಳನ್ನು ಒತ್ತಾಗಿ ಕೂರಿಸಿ ಗಂಟು ಬಿಗಿದುಬಿಡುತ್ತಾರೆ. ನೋಡಲು ಅಚ್ಚುಕಟ್ಟು, ಪ್ರಾರ್ಥನೆಗೆ ಕಷ್ಟ. ಹೇಳಿ ಮುಗಿದ ಮಣಿಯನ್ನು ಬೆರಳು ಪಕ್ಕಕ್ಕೆ ಸರಿಸಬೇಕು, ಅದಕ್ಕೆ ಜಾಗ ಬೇಕು. ಪ್ರತಿ ಹತ್ತರಲ್ಲೂ ಎರಡು ಮಣಿ ಹಿಡಿಸುವಷ್ಟು ದಾರ ಖಾಲಿ ಬಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೊನೆಯಲ್ಲಿ ದಾರದ ತುದಿಯನ್ನು ಸುಟ್ಟು ಸೀಲ್ ಮಾಡುವಾಗಲೂ ಜಾಗ್ರತೆ. ಕರಗಿದ ನೈಲಾನ್ ತಣ್ಣಗಾದರೆ ಮುಳ್ಳಿನ ಹಾಗೆ ಚುಚ್ಚುತ್ತದೆ. ನಾವು ಸುಟ್ಟ ತುದಿಯನ್ನು ನಮ್ಮ ಕೆನ್ನೆಗೆ ಸವರಿ ನೋಡುತ್ತೇವೆ.

ಅಜ್ಜಿಯ ಸರದಿಂದ ಕಲಿತ ಇನ್ನೊಂದು ವಿಷಯ, ಯಾರಿಗೆ ಎಂದು ಕೇಳದೆ ಕಟ್ಟಬಾರದು. ಮೊದಲು ಎಲ್ಲರಿಗೂ ಒಂದೇ ಥರ ಕಟ್ಟುತ್ತಿದ್ದೆವು. ಕಣ್ಣು ಕಾಣದವರಿಗೆ ಬಣ್ಣ ಬದಲಾಯಿಸಿ ಏನು ಪ್ರಯೋಜನ? ಪರಲೋಕ ಮಂತ್ರದ ಮಣಿ ಗಾತ್ರದಲ್ಲೋ ಆಕಾರದಲ್ಲೋ ಬೇರೆ ಇರಬೇಕು. ಕೀಲುನೋವು ಇರುವ ಬೆರಳಿಗೆ ದಪ್ಪ ಮಣಿ, ಇನ್ನೂ ಸ್ವಲ್ಪ ಸಡಿಲ ದಾರ. ಆಸ್ಪತ್ರೆಗೆ ಹೋಗುವುದರಲ್ಲಿ ಲೋಹವೇ ಇರುವುದಿಲ್ಲ, ಎಂಆರ್‌ಐ ಕೋಣೆಗೆ ಲೋಹ ಒಯ್ಯುವ ಹಾಗಿಲ್ಲ. ಪ್ಲಾಸ್ಟಿಕ್ ಮಣಿಯಾದರೆ ಸೋಪಿನಲ್ಲಿ ತೊಳೆಯಲೂಬಹುದು. ಒಂದು ಕೈಗೆ ಡ್ರಿಪ್ ಹಾಕಿರುವವರಿಗೆ ಹತ್ತೇ ಮಣಿಯ ಚಿಕ್ಕ ಸರ ಮಾಡುತ್ತೇವೆ, ಒಂದೇ ಕೈಯಲ್ಲಿ ಹಿಡಿಯಬಹುದು. ಮೂರು ವರ್ಷದ ಒಳಗಿನ ಮಕ್ಕಳಿಗೆ ಎಂದು ಕೇಳಿದರೆ ಮಾತ್ರ ಕೊಡುವುದಿಲ್ಲ. ಮಣಿ ಬಾಯಿಗೆ ಹೋಗುತ್ತದೆ.

ಜೈಲಿಗೆ ಕಳಿಸುವಾಗ ನಾವು ಕಲಿತದ್ದೆಲ್ಲ ತಲೆಕೆಳಗಾಯಿತು. ಅಲ್ಲಿಗೆ ತಂತಿ ಬೇಡ, ಚೈನ್ ಬೇಡ, ಲೋಹದ ಶಿಲುಬೆ ಬೇಡ. ಎಲ್ಲ ಮಣಿಯೂ ಒಂದೇ ಕಪ್ಪು ಬಣ್ಣ. ದಾರವೂ ಜೋರಾಗಿ ಎಳೆದರೆ ತುಂಡಾಗಬೇಕು. ಇಷ್ಟು ದಿನ ತುಂಡಾಗದ ಹಾಗೆ ಕಟ್ಟಲು ಕಲಿತವರು, ತುಂಡಾಗುವ ಹಾಗೆ ಕಟ್ಟಲು ಮತ್ತೆ ಕಲಿತೆವು. ಎಲ್ಲ ಕಡೆ ನಿಯಮ ಒಂದೇ ಇರುವುದಿಲ್ಲ. ಆದ್ದರಿಂದ ಮೊದಲು ಅಲ್ಲಿಯ ಅಧಿಕಾರಿಗಳನ್ನು ಕೇಳಿ, ಒಂದು ಮಾದರಿ ತೋರಿಸಿ, ಆಮೇಲೆ ಉಳಿದದ್ದನ್ನು ಕಟ್ಟುತ್ತೇವೆ. ಅಲ್ಲಿಗೆ ಹೋಗುವ ಸರಗಳ ಮೇಲೆ ನನಗೆ ಸ್ವಲ್ಪ ಜಾಸ್ತಿ ಪ್ರೀತಿ. ತಮ್ಮದು ಅಂತ ಇಟ್ಟುಕೊಳ್ಳಲು ಏನೂ ಇಲ್ಲದವರ ಕೈಗೆ ಅವು ಹೋಗುತ್ತವೆ.

ಪ್ರತಿ ಸರದ ಜೊತೆ ಪ್ರಾರ್ಥನೆಯ ಒಂದು ಚೀಟಿ ಇಡುತ್ತೇವೆ. ಯಾವುದೋ ಹಳೆಯ ಪ್ರತಿಯಿಂದ ಅದನ್ನು ಜೆರಾಕ್ಸ್ ಮಾಡಿಸಿದ್ದೆವು. ಒಬ್ಬ ಹುಡುಗ ಬಂದು, "ಆಂಟಿ, ಗುರುವಾರದ್ದು ಇದರಲ್ಲಿ ಇಲ್ವಲ್ಲ" ಎಂದ. ನಿಜ. ಪೋಪ್ ಎರಡನೇ ಜಾನ್ ಪಾಲ್ ಅವರು ಗುರುವಾರ ಹೇಳುವ ಬೆಳಕಿನ ರಹಸ್ಯಗಳನ್ನು ಸೇರಿಸಿದ್ದು 2002ರ ಅಕ್ಟೋಬರ್‌ನಲ್ಲಿ. ನಮ್ಮ ಚೀಟಿ ಅದಕ್ಕೂ ಹಿಂದಿನದು. ಅದರಲ್ಲಿ ಸಂತೋಷ, ದುಃಖ, ಮಹಿಮೆಯ ಹದಿನೈದು ರಹಸ್ಯಗಳಷ್ಟೇ ಇದ್ದವು. ಈಗ ಇಪ್ಪತ್ತೂ ಇವೆ, ದೊಡ್ಡ ಅಕ್ಷರದಲ್ಲಿ.

ಕಟ್ಟಿದ್ದೆಲ್ಲ ಒಂದು ಬುಟ್ಟಿಯಲ್ಲಿ ಸೇರಿದ ಮೇಲೆ ಫಾದರ್ ಆಶೀರ್ವದಿಸುತ್ತಾರೆ. ನಾವು ಯಾವುದನ್ನೂ ಮಾರುವುದಿಲ್ಲ. ಜನ ತಮ್ಮ ಹರಿದ ಸರಗಳನ್ನು ತಂದರೆ ರಿಪೇರಿ ಮಾಡಿಕೊಡುತ್ತೇವೆ. ರಿಪೇರಿ ಆಗದಷ್ಟು ಹಾಳಾಗಿದ್ದರೆ ಕಸಕ್ಕೆ ಹಾಕುವುದಿಲ್ಲ, ಮಣ್ಣಿನಲ್ಲಿ ಹೂಳುತ್ತೇವೆ.

ಬುಟ್ಟಿಗೆ ಹೋಗುವ ಮುಂಚೆ ಒಂದು ಕೊನೆಯ ಪರೀಕ್ಷೆ ಇದೆ. ಕಟ್ಟಿದವರಲ್ಲ, ಬೇರೊಬ್ಬರು ಸರವನ್ನು ಕೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಶಿಲುಬೆಯಿಂದ ಹೊರಟು ಪೂರ್ತಿ ಸುತ್ತು ಬೆರಳಲ್ಲೇ ಹೋಗಿ ಬರಬೇಕು. ಕಣ್ಣಿಗೆ ತಪ್ಪಿಸಿಕೊಂಡದ್ದು ಬೆರಳಿಗೆ ಸಿಗುತ್ತದೆ. ಹನ್ನೊಂದು ಮಣಿಯ ಹತ್ತನ್ನು ಹೀಗೆ ಎಷ್ಟೋ ಸಲ ಹಿಡಿದಿದ್ದೇವೆ.

ಅಜ್ಜಿಯ ಸರದ ದಾರ ಕತ್ತರಿಸಿ, ಅವೇ ಮಣಿಗಳನ್ನು ಹೊಸ ದಾರಕ್ಕೆ ಪೋಣಿಸಿದೆ. ಬಿಟ್ಟುಹೋಗಿದ್ದ ಒಂದನ್ನು ಸೇರಿಸಿದೆ. ಮುಂದಿನ ವಾರ ಸಿಸ್ಟರ್ ಸಿಕ್ಕಿದಾಗ ಹೇಳಿದರು, ಕೈಗೆ ಕೊಟ್ಟ ಕೂಡಲೇ ಅಜ್ಜಿ ನೇರವಾಗಿ ನಾಲ್ಕನೇ ಹತ್ತಕ್ಕೇ ಹೋಗಿ ಮುಟ್ಟಿ ಮುಟ್ಟಿ ಎಣಿಸಿದರಂತೆ. ಆಮೇಲೆ ಪಕ್ಕದ ಮಂಚದ ಇಬ್ಬರಿಗೂ ಒಂದೊಂದು ಬೇಕು ಎಂದಿದ್ದಾರೆ, ದಪ್ಪ ಮಣಿಯದ್ದೇ ಆಗಬೇಕಂತೆ.